ಕಡಲು ದಾಟಿದ ಕುದುರೆ, ಹಡಗೇರಿದ ನಾಯಿ

ಬಳ್ಳಾರಿಯ ಕೋಟೆಗುಡ್ಡದ ತುದಿಯಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಕಡಲು ಕಾಣುವುದಿಲ್ಲ. ಪಡುವಣ ಕಡಲಿಗೂ ಮೂಡಣ ಕಡಲಿಗೂ ಇಲ್ಲಿಂದ ನೂರಾರು ಮೈಲಿ. ಸುತ್ತಲೂ ಇರುವುದು ಎರೆಯ ಹೊಲ, ಬಂಡೆಯ ಗುಡ್ಡ. ವಾಯವ್ಯಕ್ಕೆ ಕುರುಗೋಡು, ಉತ್ತರಕ್ಕೆ ತುಂಗಭದ್ರೆಯ ನೀರುಂಡ ಸಿರುಗುಪ್ಪದ ಗದ್ದೆಗಳು. ಹೊಳೆ ದಾಟಲು ಹರಿಗೋಲು ಸಾಕಾಗಿದ್ದ ಈ ನಾಡಿಗೂ ಹಡಗಿಗೂ ಏನು ಸಂಬಂಧ? ಅದರಲ್ಲೂ ನಾಯಿಯನ್ನು ಹಡಗಿನಲ್ಲಿ ಕರೆದೊಯ್ಯುವ ಮಾತಿಗೂ ನಮಗೂ ಏನು ನಂಟು ಎಂದು ನೀವು ಕೇಳಬಹುದು.

ಸಂಬಂಧ ಉಂಟು. ನಿಮ್ಮ ಬೀದಿಯಲ್ಲಿಯೇ ಮಗನೋ ಮಗಳೋ ಪರದೇಶದಲ್ಲಿ ನೆಲೆಸಿರುವ ಮನೆಗಳು ಒಂದೆರಡಾದರೂ ಇದ್ದಾವು. ಹಿರಿಯರು ಮಕ್ಕಳ ಬಳಿಗೆ ಹೊರಟು ನಿಂತಾಗ ಮನೆಯ ನಾಯಿಯ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ವಿಮಾನದ ಸರಕಿನ ಕೋಣೆಯಲ್ಲಿ ಅದನ್ನು ಕಳುಹಿಸಲು ಮನಸ್ಸು ಒಪ್ಪದು. ಹಡಗಿನಲ್ಲಿ ಜೊತೆಗೇ ಕರೆದೊಯ್ಯಬಹುದಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಈ ಪ್ರಶ್ನೆ ಹೊಸದೆಂದು ತೋರಿದರೂ ಹೊಸದಲ್ಲ. ಕಡಲ ಮೇಲೆ ಪ್ರಾಣಿಯನ್ನು ಸಾಗಿಸುವುದು ಹೇಗೆ, ದಾರಿಯಲ್ಲಿ ಅದು ಸತ್ತರೆ ಆ ನಷ್ಟ ಯಾರದು ಎಂಬ ಲೆಕ್ಕಾಚಾರ ನಮ್ಮ ಸೀಮೆಯಲ್ಲೇ ಐನೂರು ವರ್ಷಗಳ ಹಿಂದೆ ನಡೆದಿತ್ತು.

ಪ್ರಾಣಿಯೊಡನೆ ಬಾಳುವುದು ಈ ನೆಲಕ್ಕೆ ಬಹು ಹಳೆಯ ರೂಢಿ. ಬಳ್ಳಾರಿಯ ಸಮೀಪದ ಕುಡತಿನಿಯ ಬೂದಿದಿಬ್ಬವು ನವಶಿಲಾಯುಗದ ಜನ ದನಗಳ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆದದ್ದೆಂದು ಶೋಧಕರು ತಿಳಿಸಿದ್ದಾರೆ. ಸಂಗನಕಲ್ಲು, ಕಪ್ಪಗಲ್ಲುಗಳ ಬಂಡೆಗಳ ಮೇಲೆ ಉದ್ದ ಕೊಂಬಿನ ಹೋರಿಗಳನ್ನು ಅವರೇ ಕುಟ್ಟಿ ಮೂಡಿಸಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಡೆದ ಉತ್ಖನನದಲ್ಲಿಯೂ ಅದೇ ಕಾಲದ ಜನವಸತಿ ಬೆಳಕಿಗೆ ಬಂದಿತು. ಸಿಂದರು ಆಳಿದ ಕುರುಗೋಡಿನಲ್ಲಿ ಇಂದಿಗೂ ದೊಡ್ಡಬಸವೇಶ್ವರನ ಬೃಹತ್ ಏಕಶಿಲಾ ಮೂರ್ತಿಗೆ ಜನ ಕೈಮುಗಿಯುತ್ತಾರೆ. ದನವನ್ನು ದೇವರೆಂದ ಜನ ನಾಯಿಯನ್ನು ಮರೆತರೆಂದು ತಿಳಿಯಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ಕ್ರಿ. ಶ. 949-50ರ ಆ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ, ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಆ ಕಾಳಿ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಟು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಕಾಳಿ ಈ ನೆಲದಲ್ಲೇ ಓಡಿದ ನಾಯಿ. ಕಡಲು ದಾಟಿ ಬರಬೇಕಾದ ಪ್ರಾಣಿಯ ಪಾಡು ಬೇರೆ. ನಮ್ಮ ನಾಡಿಗೆ ಹಾಗೆ ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದುದು ಕುದುರೆ. ಹಡಗೇರಿದ ನಾಯಿಯ ಕಥೆ ಅರ್ಥವಾಗಬೇಕಾದರೆ ಮೊದಲು ಕುದುರೆಯ ಕಥೆ ತಿಳಿಯಬೇಕು.

ದಕ್ಷಿಣದ ಹವೆ ಒಳ್ಳೆಯ ಯುದ್ಧದ ಕುದುರೆಗಳ ತಳಿಗೆ ಒಗ್ಗದು. ಆದುದರಿಂದ ಅರಬ್ಬೀ ಮತ್ತು ಪಾರಸೀಕ ಕುದುರೆಗಳನ್ನು ಹೋರ್ಮುಜ್, ಏಡನ್ ಮೊದಲಾದ ರೇವುಗಳಿಂದ ಹಡಗಿನಲ್ಲಿ ತರಬೇಕಾಗಿತ್ತು. ಆ ಹಡಗುಗಳು ಹೇಗಿದ್ದುವೆಂಬುದನ್ನು 13ನೆಯ ಶತಮಾನದ ಕೊನೆಯಲ್ಲಿ ಪಯಣಿಸಿದ ವೆನಿಸ್ಸಿನ ಮಾರ್ಕೊ ಪೋಲೋ ವಿವರಿಸಿದ್ದಾನೆ. ಕಬ್ಬಿಣದ ಮೊಳೆಯಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದರು. ಒಂದೇ ಕೂವೆಮರ, ಒಂದೇ ಹಾಯಿ. ಮೇಲೆ ಅಟ್ಟವಿಲ್ಲ. ಸರಕನ್ನು ತುಂಬಿ, ಅದರ ಮೇಲೆ ತೊಗಲು ಹಾಸಿ, ಆ ತೊಗಲಿನ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ಇಂಥ ಹಡಗುಗಳಲ್ಲಿ ಹಲವು ಕಡಲ ಪಾಲಾಗುತ್ತಿದ್ದವೆಂದೂ ಅವನು ಹೇಳುತ್ತಾನೆ. ದಡ ಸೇರಿದ ಕುದುರೆಗಳ ಸ್ಥಿತಿಯೂ ಉತ್ತಮವಾಗಿರಲಿಲ್ಲ. ತಮಿಳು ನಾಡಿನ ಕಡಲ ತಡಿಯಲ್ಲಿ ಅವುಗಳಿಗೆ ಮಾಂಸದೊಡನೆ ಬೇಯಿಸಿದ ಅನ್ನ ಹಾಕುತ್ತಿದ್ದರು, ಲಾಳ ಹೊಡೆಯುವವರಿರಲಿಲ್ಲ, ಆರೈಕೆ ತಿಳಿಯದೆ ಬಹಳಷ್ಟು ಸಾಯುತ್ತಿದ್ದವು.

ಕಡಲ ಮೇಲೆ ಒಬ್ಬ ಮನುಷ್ಯ ಮತ್ತು ಅವನ ಒಂದೇ ಪ್ರಾಣಿ—ಇಂಥ ಕಥೆ ಬೇಕೆಂದರೆ ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನದನ್ನು ಕೇಳಬೇಕು. ಅವನು ಸುಮಾರು 1469ರಲ್ಲಿ ಹೋರ್ಮುಜಿನಿಂದ ಹಡಗೇರಿ, ಆರು ವಾರಗಳ ಪಯಣದ ಬಳಿಕ ಕೊಂಕಣದ ಚೌಲ್ ರೇವಿನಲ್ಲಿಳಿದನು. ಜೊತೆಗಿದ್ದುದು ಒಂದು ಗಂಡು ಕುದುರೆ. ಅದನ್ನು ಇಲ್ಲಿಗೆ ತರಲು ನೂರು ರೂಬಲ್ ತಗುಲಿತೆಂದು ಬರೆದಿದ್ದಾನೆ. ಜುನ್ನರಿನಲ್ಲಿ ಅಲ್ಲಿಯ ಖಾನನು ಕುದುರೆಯನ್ನು ಕಿತ್ತುಕೊಂಡು, ನಮ್ಮ ಮತಕ್ಕೆ ಸೇರಿದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುವೆನೆಂದನು. ನಿಕಿತಿನ್ ಒಪ್ಪಲಿಲ್ಲ. ಖುರಾಸಾನಿನ ಒಬ್ಬ ಸಜ್ಜನ ನಡುವೆ ಬಂದು ಬಿನ್ನಹ ಮಾಡಿದ ಮೇಲೆ ಕುದುರೆ ಮರಳಿ ದೊರೆಯಿತು. ಮಳೆ ಕೆಸರುಗಳ ನಾಲ್ಕು ತಿಂಗಳು ಕಳೆದು ಅವನು ಬೀದರಿಗೆ ಬಂದನು. ಈ ನಾಡಿನಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬೆರಗಿನಿಂದ ಗುರುತು ಮಾಡಿಕೊಂಡನು. ಒಂದು ವರ್ಷ ಸಾಕಿ, ಬೀದರಿನಲ್ಲಿಯೇ ಕ್ರಿಸ್ಮಸ್ ವೇಳೆಗೆ ಅದನ್ನು ಮಾರಿದನು. ಕಡಲಲ್ಲಿ ಕಾಪಾಡಿ, ಖಾನನಿಂದ ಬಿಡಿಸಿಕೊಂಡು, ವರ್ಷವಿಡೀ ಮೇವು ಹಾಕಿದ ಪ್ರಾಣಿ ಕೊನೆಗೆ ಸರಕೇ ಆಯಿತು. ಅವನ ತಪ್ಪೆನ್ನುವಂತಿಲ್ಲ, ಅವನು ಹೊರಟಿದ್ದುದೇ ವ್ಯಾಪಾರಕ್ಕೆ.

ಇನ್ನು ನಮ್ಮ ಹಂಪೆಗೆ ಬರೋಣ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ಹಂಪೆ ಬಳ್ಳಾರಿ ಜಿಲ್ಲೆಯ ಊರಾಗಿತ್ತು. ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ನಡೆಯುವ ಕುದುರೆಗಳನ್ನು ನೀವು ನೋಡಿರುತ್ತೀರಿ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳೂ ಇವೆ. ಬೇಟೆಗಾರರ ಜೊತೆಯಲ್ಲಿ ಓಡುವ ನಾಯಿಗಳೂ ಇವೆ. ಮುಂದಿನ ಸಲ ಹೋದಾಗ ಮಕ್ಕಳಿಗೆ ಅವನ್ನು ತೋರಿಸಿ.

ಆ ಕುದುರೆಗಳ ಲೆಕ್ಕವನ್ನು ಬರೆದಿಟ್ಟವನು ಫೆರ್ನಾವೊ ನೂನಿಜ್. ಇವನು ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರಲ್ಲಿ, ವಿಜಯನಗರದಲ್ಲಿದ್ದನು. ಹೊರನಾಡಿನವೂ ದೇಶಿಯವೂ ಸೇರಿ ವರ್ಷಕ್ಕೆ 13,000 ಕುದುರೆಗಳನ್ನು ಅರಸನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಅವನು ಹೇಳುವ ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದುದು. ಸಾಳುವ ನರಸಿಂಹನು ಸಾವಿರ ವರಹಕ್ಕೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ಬದುಕಿ ಬಂದುದಕ್ಕೂ ಬೆಲೆ, ಸತ್ತುದಕ್ಕೂ ಅಷ್ಟೇ ಬೆಲೆ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಹಣವೇ ಸಲ್ಲುತ್ತಿತ್ತು.

ಈ ಏರ್ಪಾಟಿನಲ್ಲಿ ರಾಜನೀತಿಯ ಜಾಣತನ ಸ್ಪಷ್ಟವಾಗಿಯೇ ಇದೆ. ಕಡಲಿನ ಗಂಡಾಂತರವನ್ನು ವರ್ತಕನ ತಲೆಯಿಂದ ಇಳಿಸಿ ಅರಸನೇ ಹೊತ್ತರೆ ವರ್ತಕರು ಮತ್ತೆ ಮತ್ತೆ ಬರುತ್ತಾರೆ. ನೆರೆರಾಜ್ಯದ ಲಾಯಗಳಿಗಿಂತ ತನ್ನ ಲಾಯ ಮೊದಲು ತುಂಬುತ್ತದೆ. ಇಂದು ನಾವು ವಿಮೆ ಎನ್ನುವುದು ಬಹುಮಟ್ಟಿಗೆ ಇದೇ. ಆದರೆ ಈ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ವರ್ತಕನಿಗೆ ನಷ್ಟವಿಲ್ಲ, ಅರಸನಿಗೆ ಕುದುರೆ ಸಿಕ್ಕುತ್ತದೆ; ನೀರಡಿಸಿ ಸತ್ತ ಕುದುರೆಯ ಕಡೆಯಿಂದ ಕೇಳುವವರು ಯಾರು? ಸತ್ತರೂ ಬದುಕಿದರೂ ಒಂದೇ ಹಣ ಬರುವಾಗ, ಹಡಗಿನಲ್ಲಿ ಇನ್ನೊಂದು ಕೊಡ ಸಿಹಿನೀರನ್ನು ಕುದುರೆಗಾಗಿ ಹೊತ್ತು ತರಲು ಯಾರಿಗೆ ಮನಸ್ಸಾದೀತು?

ಕುದುರೆಗೆ ಇದ್ದ ಬೆಲೆ ಎಷ್ಟೆಂದರೆ ಅದರ ನೆವದಿಂದ ಯುದ್ಧವೇ ನಡೆಯಿತು. ಕೃಷ್ಣದೇವರಾಯನು ಗೋವೆಯಲ್ಲಿ ಕುದುರೆ ಕೊಳ್ಳಲೆಂದು 40,000 ವರಹಗಳನ್ನು ಒಬ್ಬ ವರ್ತಕನ ಕೈಗೆ ಕೊಟ್ಟು ಕಳುಹಿಸಿದನು. ಅವನು ಹಣದೊಡನೆ ಆದಿಲಶಾಹನ ಆಶ್ರಯಕ್ಕೆ ಓಡಿದನು. 1520ರ ರಾಯಚೂರಿನ ಯುದ್ಧಕ್ಕೆ ಇದೇ ನೆವವಾಯಿತೆಂದು ನೂನಿಜನು ಬರೆಯುತ್ತಾನೆ. ಹಂಪೆಯಿಂದ ರಾಯಚೂರಿಗೆ ನಕ್ಷೆಯ ಮೇಲೆ ಒಂದು ಗೆರೆ ಎಳೆದು ನೋಡಿ. ಸಿರುಗುಪ್ಪ ಆ ಗೆರೆಯ ಮಗ್ಗುಲಲ್ಲೇ ಸಿಕ್ಕುತ್ತದೆ. ವಿಜಯನಗರದ ಕಾಲದ ಕಾಲುವೆ ಇಂದೂ ನೀರುಣಿಸುತ್ತಿರುವ ಆ ಊರಿನವರಿಗೆ ಕಡಲು ದೂರವಾಗಿತ್ತು. ಕಡಲ ವ್ಯಾಪಾರದ ಜಗಳ ದೂರವಾಗಿರಲಿಲ್ಲ. ಮುಂದೆ 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದಲ್ಲಿಯೂ ಗೋವೆಯ ಕುದುರೆಗಳ ಮಾತೇ ಮುಖ್ಯವಾಗಿತ್ತು.

ಈಗ ನಾಯಿಯ ಸರದಿ. ಕುದುರೆ ಹೊಟ್ಟೆಪಾಡಿಗೂ ಯುದ್ಧಕ್ಕೂ ಹಡಗೇರಿತು. ನಾಯಿ ಹೆಚ್ಚಾಗಿ ಕಾಣಿಕೆಯಾಗಿ, ಆಮೇಲೆ ಸಂಗಾತಿಯಾಗಿ ಏರಿತು. ಜಹಾಂಗೀರನ ಆಸ್ಥಾನಕ್ಕೆ 1615ರಲ್ಲಿ ಬಂದ ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋ ಅವರ ಪಾದ್ರಿಯಾಗಿದ್ದ ಎಡ್ವರ್ಡ್ ಟೆರ್ರಿ ಒಂದು ಪ್ರಸಂಗವನ್ನು ಹೇಳಿದ್ದಾನೆ. ಬಾದಷಹನಿಗೆಂದು ಇಂಗ್ಲೆಂಡಿನಿಂದ ಮ್ಯಾಸ್ಟಿಫ್ ಜಾತಿಯ ಭಾರಿ ನಾಯಿಗಳನ್ನು ಹಡಗಿನಲ್ಲಿ ಕಳುಹಿಸಿದ್ದರು. ಒಂದು ನಾಯಿ ಕಡಲಿನಲ್ಲಿ ನೆಗೆಯುತ್ತಿದ್ದ ದೊಡ್ಡ ಮೀನುಗಳನ್ನು ಕಂಡು, ಅವುಗಳ ಮೇಲೆ ಬೀಳಲು ಹಾರಿ ನೀರುಪಾಲಾಯಿತು. ಬಾದಷಹನ ಕೈ ಸೇರಿದ್ದು ಎರಡೇ. ಅವನು ಅವುಗಳನ್ನು ಪಲ್ಲಕ್ಕಿಯಲ್ಲಿ ಹೊರಿಸಿ, ನೊಣ ಓಡಿಸಲು ಆಳುಗಳನ್ನಿಟ್ಟು, ತಾನೇ ತಿನ್ನಿಸಲು ಬೆಳ್ಳಿಯ ಇಕ್ಕುಳ ಮಾಡಿಸಿದನಂತೆ. ಉಳಿದು ಬಂದವುಗಳ ಭಾಗ್ಯವನ್ನು ಎಲ್ಲರೂ ನೆನೆಯುತ್ತಾರೆ. ದಾರಿಯಲ್ಲಿ ಹೋದವುಗಳನ್ನು ನೆನೆಯುವವರು ಕಡಿಮೆ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಬಳ್ಳಾರಿ ದೊಡ್ಡ ದಂಡುಪ್ರದೇಶವಾಯಿತು. ಗೋರಾ ಪಲಟನುಗಳು ಬಂದು ನಿಂತವು. ಆ ಕಾಲದ ಬಿಳಿಯ ಅಧಿಕಾರಿಗೆ ನಾಯಿಯಿಲ್ಲದ ಬಂಗಲೆ ಬಂಗಲೆಯೇ ಅಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು, ಹಾಯಿಹಡಗು ಆಫ್ರಿಕವನ್ನು ಸುತ್ತಿ ಮದರಾಸಿಗೆ ಬರಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಕಾಲುವೆ ತೆರೆದ ಮೇಲೆ ಹೊಗೆಹಡಗಿನಲ್ಲಿ ಮೂರು ನಾಲ್ಕು ವಾರ ಸಾಕಾಯಿತು. ಮದರಾಸು, ಉದಕಮಂಡಲಗಳ ಬೇಟೆಯ ಸಂಘಗಳು ಇಂಗ್ಲೆಂಡಿನಿಂದ ನಾಯಿಗಳನ್ನು ತರಿಸುತ್ತಿದ್ದವು. ಹಡಗಿನಲ್ಲಿ ನಾಯಿಯನ್ನು ಒಡೆಯನ ಕೋಣೆಗೆ ಬಿಡುತ್ತಿರಲಿಲ್ಲ. ಮೇಲಟ್ಟದ ಗೂಡುಗಳಲ್ಲಿ ಕಟ್ಟುತ್ತಿದ್ದರು. ಅವುಗಳ ಪಾಲನೆ ಹಡಗಿನ ಕಟುಕನ ಕೆಲಸ. ನಗಬೇಡಿ, ಮಾಂಸದ ಚೂರು ಅವನ ಬಳಿ ಇರುತ್ತಿತ್ತಾದ್ದರಿಂದ ಅದು ಸರಿಯಾದ ಏರ್ಪಾಟೇ. ಬದುಕಿ ಬಂದ ನಾಯಿಗೆ ಇಲ್ಲಿ ಕಾದಿದ್ದುದು ನಮ್ಮ ಬಿಸಿಲು, ಉಣ್ಣೆಹುಳುವಿನ ಜ್ವರ, ಹುಚ್ಚುನಾಯಿಯ ಕಡಿತ.

ಈ ಹುಚ್ಚು ರೋಗವೇ ಮರುಪಯಣದ ಬಾಗಿಲನ್ನು ಮುಚ್ಚಿತು. ದಕ್ಷಿಣದಲ್ಲಿ ಇದಕ್ಕೆ ಚಿಕಿತ್ಸೆ ದೊರೆಯುವಂತಾದುದು 1907ರಲ್ಲಿ ಕೂನೂರಿನ ಪಾಸ್ಚರ್ ಸಂಸ್ಥೆ ತೆರೆದ ಮೇಲೆ. ಬ್ರಿಟನ್ ತನ್ನ ದ್ವೀಪದಲ್ಲಿ ಆ ರೋಗವನ್ನು 1902ರ ವೇಳೆಗೆ ಅಳಿಸಿಹಾಕಿತ್ತು. ಅದು ಮತ್ತೆ ನುಸುಳದಂತೆ, ಹೊರಗಿನಿಂದ ಬರುವ ಪ್ರತಿಯೊಂದು ನಾಯಿಯನ್ನೂ ಆರು ತಿಂಗಳು ಬೇರೆಯಾಗಿ ಕೂಡಿಹಾಕಬೇಕೆಂಬ ಕ್ವಾರಂಟೈನ್ ಕಟ್ಟಳೆ ಮಾಡಿತು. ಆದರೂ ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಪ್ರೀತಿಯ ಭರದಲ್ಲಿ ಕದ್ದು ತಂದ ನಾಯಿಗಳಿಂದ 1918ರಲ್ಲಿ ರೋಗ ಮತ್ತೆ ಹೊಕ್ಕಿತು; ಪೂರ್ತಿ ತೊಲಗಿಸಲು 1922ರವರೆಗೆ ಹೆಣಗಬೇಕಾಯಿತು. ಒಬ್ಬನ ಮಮತೆ ಒಂದು ದೇಶಕ್ಕೇ ಅಪಾಯ ತಂದುದಕ್ಕೆ ಇದು ನಿದರ್ಶನ.

ನಮ್ಮ ನಾಯಿಗಳೂ ಆ ಕಡೆಗೆ ಹೋಗದೆ ಇರಲಿಲ್ಲ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ತಮ್ಮ ಸೀಮೆಯ ನೀಳಕಾಲಿನ ಬೇಟೆನಾಯಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂದೂ ಅಂದಿನಿಂದ ಮುಧೋಳ್ ಹೌಂಡ್ ಎಂಬ ಹೆಸರು ನಿಂತಿತೆಂದೂ ಆ ಕಡೆಯವರು ಹೆಮ್ಮೆಯಿಂದ ಹೇಳುತ್ತಾರೆ. 2005ರಲ್ಲಿ ಭಾರತದ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿತು.

1947ರಲ್ಲಿ ಇಂಗ್ಲಿಷರು ಗಂಟುಮೂಟೆ ಕಟ್ಟಿದಾಗ ಆರು ತಿಂಗಳ ಸೆರೆ, ಅದರ ಖರ್ಚು, ಹಡಗಿನಲ್ಲಿ ಸ್ಥಳದ ಅಭಾವ ಎಲ್ಲವೂ ಎದುರು ನಿಂತವು. ಹಲವರು ನಾಯಿಗಳನ್ನು ಸ್ನೇಹಿತರಿಗೆ ಬಿಟ್ಟರು. ಹಲವರು ತಾವೇ ಗುಂಡು ಹೊಡೆದರು. ಬಿಟ್ಟುಹೋದರೆ ಬೀದಿಯಲ್ಲಿ ಹಸಿದು ಸಾಯುವುದಕ್ಕಿಂತ ಇದೇ ಲೇಸೆಂದು ಅವರು ಸಮಾಧಾನ ಹೇಳಿಕೊಂಡರು. ಆ ಸಮಾಧಾನ ಸರಿಯೇ ಎಂಬುದನ್ನು ನೀವೇ ಯೋಚಿಸಿ. ಅದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡಿ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಹನ್ನೆರಡು ನಾಯಿಗಳಾದರೂ ಇದ್ದವು. ಉಳಿದವು ಮೂರು. ಮೂರೂ ಪುಟ್ಟ ನಾಯಿಗಳು. ಒಡೆಯರ ತೋಳಿನಲ್ಲಿ ಅಡಗಿ ಜೀವರಕ್ಷಕ ದೋಣಿ ಸೇರಿದಂಥವು.

ಈಗಿನ ಮಾತೇನು? ವಿಹಾರಕ್ಕೆಂದು ಕಡಲಲ್ಲಿ ಸುತ್ತುವ ದೊಡ್ಡ ಹಡಗುಗಳು, ಕುರುಡರಿಗೆ ದಾರಿ ತೋರುವಂಥ ತರಬೇತಾದ ನಾಯಿಗಳನ್ನು ಬಿಟ್ಟರೆ ಬೇರೆ ನಾಯಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಅಟ್ಲಾಂಟಿಕ್ ಸಾಗರವನ್ನು ದಾಟುವ ಕ್ವೀನ್ ಮೇರಿ 2 ಎಂಬ ಹಡಗು ಇದಕ್ಕೆ ಹೆಸರಾಂತ ಅಪವಾದ. 2004ರಲ್ಲಿ ಮೊದಲ ಪಯಣ ಹೊರಟ ಈ ಹಡಗಿನಲ್ಲಿ 2016ರಿಂದ 24 ನಾಯಿಗೂಡುಗಳಿವೆ. ನೋಡಿಕೊಳ್ಳಲು ಬೇರೆ ಆಳಿದ್ದಾನೆ; ಇಂಗ್ಲೆಂಡಿನ ನಾಯಿಗೆ ಬೇಸರವಾಗದಿರಲೆಂದು ಒಂದು ದೀಪದ ಕಂಬ, ಅಮೆರಿಕದ ನಾಯಿಗೆಂದು ಒಂದು ಬೀದಿ ನಲ್ಲಿಯನ್ನೂ ನೆಟ್ಟಿದ್ದಾರೆ! ಆದರೂ ನಾಯಿ ಒಡೆಯನ ಕೋಣೆಗೆ ಹೋಗುವಂತಿಲ್ಲ. ಗೊತ್ತಾದ ವೇಳೆಯಲ್ಲಿ ಒಡೆಯನೇ ಅದನ್ನು ನೋಡಲು ಬರಬೇಕು. ಅದೂ ಇಂಗ್ಲೆಂಡ್, ಅಮೆರಿಕಗಳ ನಡುವಣ ಪಯಣ. ನಮ್ಮ ರೇವಿನಿಂದ ಹೋಗುವುದಲ್ಲ.

ಬಳ್ಳಾರಿಯಿಂದ ಹೊರಡುವ ನಾಯಿಗೆ ಉಳಿದಿರುವುದು ಬೆಂಗಳೂರೋ ಹೈದರಾಬಾದೋ ತಲುಪಿ ವಿಮಾನವೇರುವ ದಾರಿ. ಬ್ರಿಟನ್ನಿನ ಹಳೆಯ ಕಟ್ಟಳೆ 2000ದಿಂದೀಚೆಗೆ ಸಡಿಲವಾಗಿದೆ. ಆದರೂ ನಮ್ಮ ದೇಶದಲ್ಲಿ ಹುಚ್ಚುನಾಯಿ ರೋಗವಿರುವುದರಿಂದ ನಮ್ಮವರಿಗೆ ಶರತ್ತು ಹೆಚ್ಚು. ಮೊದಲು ಚರ್ಮದಡಿ ಗುರುತಿನ ಚಿಪ್ಪು. ಅನಂತರ ರೋಗನಿರೋಧಕ ಚುಚ್ಚುಮದ್ದು. ಅದಾಗಿ ಕನಿಷ್ಠ 30 ದಿನಗಳ ಮೇಲೆ ರಕ್ತಪರೀಕ್ಷೆ. ಆ ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ. ಟಿಕೆಟು ಕೊಂಡ ಮೇಲೆ ನಾಯಿಯ ವಿಚಾರ ಮಾಡುವವರು ಕಷ್ಟಕ್ಕೆ ಸಿಕ್ಕುತ್ತಾರೆ. ನಾಯಿಯ ಸಿದ್ಧತೆ ಐದಾರು ತಿಂಗಳು ಮೊದಲೇ ಆರಂಭವಾಗಬೇಕು.

ಈ ಕಾಗದಪತ್ರಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಈ ಪಯಣ ಯಾರಿಗಾಗಿ? ಎಳೆಯ, ಗಟ್ಟಿಮುಟ್ಟಾದ ನಾಯಿ, ಹೋಗುವುದು ಹಲವು ವರ್ಷಗಳ ವಾಸಕ್ಕೆ ಎಂದಾದರೆ, ಶ್ರಮವೂ ವೆಚ್ಚವೂ ಸಾರ್ಥಕ. ಮುಪ್ಪಾದ ನಾಯಿಯನ್ನು ಮೂರು ತಿಂಗಳ ಪ್ರವಾಸಕ್ಕೆಂದು ಎಳೆದೊಯ್ಯುವುದು ನಮ್ಮ ಮಮತೆಯನ್ನು ತಣಿಸೀತೇ ಹೊರತು ಅದಕ್ಕೆ ಸುಖವಿಲ್ಲ. ಅಂಥಾಗ ಪರಿಚಯದ ಮನೆಯೊಂದರಲ್ಲಿ ಬಿಡುವುದೇ ಪ್ರೀತಿ. ಆ ಮನೆಗೆ ಒಂದೆರಡು ಸಲ ಮೊದಲೇ ಕರೆದೊಯ್ದು, ಅಲ್ಲಿಯ ಜನರನ್ನೂ ಅಂಗಳವನ್ನೂ ಅದಕ್ಕೆ ರೂಢಿ ಮಾಡಿಸಿ, ಅದು ಮಲಗುವ ಹಳೆಯ ಚಾಪೆಯನ್ನೂ ಜೊತೆಗೆ ಕೊಟ್ಟು ಹೊರಡಬೇಕು.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲೆನೆಂದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆ ಕಥೆಯಲ್ಲಿ ಗಮನಿಸಬೇಕಾದುದೆಂದರೆ, ನಾಯಿಯನ್ನು ಅವನು ಬಲವಂತದಿಂದ ಕರೆತಂದಿರಲಿಲ್ಲ. ನಂಬಿ ಬಂದದ್ದನ್ನು ಕೈಬಿಡಲಿಲ್ಲ, ಅಷ್ಟೆ. ಹಂಪೆಯ ಅರಸನು ಬಾಲವನ್ನು ನೋಡಿ ಹಣ ಕೊಟ್ಟನು. ಅವನ ಕಾಲಕ್ಕೆ, ಅವನ ಕೆಲಸಕ್ಕೆ ಅದು ಸರಿಯಾಗಿದ್ದೀತು. ನಿಮ್ಮ ಬಾಗಿಲಲ್ಲಿ ಮಲಗಿರುವ ನಾಯಿಯ ವಿಷಯದಲ್ಲಿ ಹಾಗೆ ಲೆಕ್ಕ ಮುಗಿಸಲಾಗದು. ಹೊರಡುವ ಮುನ್ನ, ಅದು ಬದುಕಿ ನೆಮ್ಮದಿಯಿಂದಿರುವ ದಾರಿ ಯಾವುದೆಂದು ಮನೆಯವರೆಲ್ಲ ಕುಳಿತು ಒಂದು ಸಂಜೆ ಮಾತಾಡಿಕೊಳ್ಳಿರಿ.